ಒಂದೇ ಓಡಾಟದಲ್ಲಿ ಡಾಕ್ಟರ್ ಕೆಲಸ ಮುಗಿಸುವುದು ಹೇಗೆ?

ಬೆಳಗಿನ ಬಸ್ಸು ತಪ್ಪಿದರೆ ಮುಂದಿನದಕ್ಕೆ ಎರಡು ತಾಸು ಕಾಯಬೇಕು. ಆಸ್ಪತ್ರೆ ಮುಟ್ಟುವ ಹೊತ್ತಿಗೆ ಚೀಟಿ ಮಾಡಿಸುವ ಸಾಲು ಗೇಟಿನವರೆಗೆ ಬಂದಿರುತ್ತದೆ. ಕೊನೆಗೂ ಒಳಗೆ ಹೋದರೆ ಸಿಗುವುದು ಐದು ನಿಮಿಷ. ಅದರಲ್ಲಿ ಎರಡು ನಿಮಿಷ ನಮ್ಮತ್ತೆಯವರ 'ಅದೇ ಸಾರ್, ಆ ಬಿಳಿ ಮಾತ್ರೆ'ಗೇ ಹೋಗುತ್ತದೆ. ಬಿಳಿ ಮಾತ್ರೆ ನೂರಾರಿವೆ. 'ಹಳೇ ಚೀಟಿ ತಗೊಂಡು ನಾಳೆ ಬನ್ನಿ' ಎನ್ನದೆ ಡಾಕ್ಟರಾದರೂ ಏನು ಮಾಡಿಯಾರು? ಆ 'ನಾಳೆ'ಗೆ ಇನ್ನೊಂದು ದಿನದ ಕೂಲಿ, ಇನ್ನೊಂದು ಬಸ್ ಚಾರ್ಜು. ಕಾಫಿ ಕೊಯ್ಲಿನ ಸಮಯವಾದರೆ ತೋಟದ ರೈಟರ್ ಹತ್ತಿರ ಇನ್ನೊಂದು ರಜೆ ಕೇಳಬೇಕು.

ಕೊಡಗಿನಲ್ಲಿ ಮನೆಗೂ ಆಸ್ಪತ್ರೆಗೂ ಇರುವ ದೂರ ನಮ್ಮ ಕೈಯಲ್ಲಿಲ್ಲ. ಎಷ್ಟು ಸಲ ಓಡಾಡಬೇಕು ಎನ್ನುವುದು ಮಾತ್ರ ಅರ್ಧಕ್ಕರ್ಧ ನಮ್ಮ ಕೈಯಲ್ಲೇ ಇದೆ.

ಹಿಂದಿನ ರಾತ್ರಿ: ಒಂದು ಚೀಲ, ಒಂದು ಕಾಗದ

ಚೀಲಕ್ಕೆ ಮೊದಲು ಹಾಕಬೇಕಾದದ್ದು ಈಗ ನುಂಗುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿ. ಬರೆದ ಪಟ್ಟಿ ಅಲ್ಲ, ಮಾತ್ರೆಯ ಸ್ಟ್ರಿಪ್ ಪಟ್ಟಿಯೇ. ಕತ್ತರಿಸಿಟ್ಟ ತುಂಡಿನಲ್ಲಿ ಹೆಸರಿರುವುದಿಲ್ಲ, ಹಾಗಾಗಿ ಹೆಸರು ಮತ್ತು ಅವಧಿ ಮುಗಿಯುವ ದಿನಾಂಕ ಇರುವ ಭಾಗವನ್ನು ಕೊನೆಯವರೆಗೂ ಉಳಿಸಿಕೊಳ್ಳಿ. ಮೆಡಿಕಲ್ ಶಾಪಿನಿಂದ ನೀವೇ ತಂದುಕೊಂಡ ನೋವಿನ ಮಾತ್ರೆ, ಆಯುರ್ವೇದದ ಪುಡಿ, ಪಕ್ಕದ ಮನೆಯವರು ಕೊಟ್ಟದ್ದು ಎಲ್ಲವೂ ಚೀಲದಲ್ಲಿರಲಿ. ಒಂದೇ ಔಷಧಿ ಬೇರೆ ಬೇರೆ ಕಂಪನಿಯ ಹೆಸರಿನಲ್ಲಿ ಬರುತ್ತದೆ. ಜ್ವರಕ್ಕೆ ಒಂದು, ಶೀತಕ್ಕೆ ಇನ್ನೊಂದು ಎಂದು ನುಂಗಿದವರು ಎರಡರಲ್ಲೂ ಪ್ಯಾರಾಸಿಟಮಾಲ್ ಇರುವುದನ್ನು ನೋಡಿರುವುದಿಲ್ಲ.

ಹಳೆಯ ಚೀಟಿ, ಲ್ಯಾಬ್ ರಿಪೋರ್ಟುಗಳನ್ನು ದಿನಾಂಕದ ಪ್ರಕಾರ ಜೋಡಿಸಿ, ಹೊಸದು ಮೇಲಿರಲಿ. ನಮ್ಮ ಮಳೆಯಲ್ಲಿ ಕಾಗದ ಉಳಿಯುವುದಿಲ್ಲ, ಪ್ಲಾಸ್ಟಿಕ್ ಕವರಿನಲ್ಲಿಡಿ. ಆಧಾರ್, ರೇಷನ್ ಕಾರ್ಡ್, ಮಾಡಿಸಿದ್ದರೆ ಆರೋಗ್ಯ ದಾಖಲೆಗೆಂದು ಸರ್ಕಾರ ಕೊಡುವ 14 ಅಂಕಿಯ ಆಭಾ ಕಾರ್ಡ್ ಜೊತೆಗಿರಲಿ. ಗರ್ಭಿಣಿಯರು ತಾಯಿ ಕಾರ್ಡ್ ಮರೆಯಬಾರದು. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆಂದೇ ಉಚಿತ ತಪಾಸಣೆ ಇರುತ್ತದೆ. ಬೇರೆ ತುರ್ತಿಲ್ಲದಿದ್ದರೆ ಆ ದಿನವೇ ಹೊರಡಿ.

ಕಾಗದದಲ್ಲಿ ಮೂರೇ ಸಾಲು ಸಾಕು. ಏನು ತೊಂದರೆ, ಯಾವತ್ತಿನಿಂದ, ಯಾವಾಗ ಹೆಚ್ಚಾಗುತ್ತದೆ. 'ಹುತ್ತರಿ ಆದ ಮೇಲಿಂದ ಸಾರ್' ಎಂದರೆ ಹೊರಗಿನಿಂದ ಬಂದ ಡಾಕ್ಟರಿಗೆ ಲೆಕ್ಕ ಸಿಗುವುದಿಲ್ಲ, 'ಮೂರು ವಾರದಿಂದ' ಎನ್ನಿ. ಮೂರು ತೊಂದರೆಗಳಿದ್ದರೆ ಹೆಚ್ಚು ಕಾಡುವುದನ್ನು ಮೊದಲು ಬರೆಯಿರಿ. ಎದ್ದು ಬಾಗಿಲ ಬಳಿ ಹೋದ ಮೇಲೆ 'ಹಾಂ ಸಾರ್, ಎದೆಯಲ್ಲಿ ಒಂಚೂರು ಹಿಡಿದ ಹಾಗೆ' ಎನ್ನುವವರು ನಮ್ಮಲ್ಲಿ ಬಹಳ ಮಂದಿ. ಹೇಳಬೇಕಾದ ಮೊದಲ ಮಾತೇ ಅದು.

ಕಾಪಿ ಕುಡಿದು ಹೊರಡಬಹುದೇ?

ಕೊಡಗಿನ ಮನೆಯಲ್ಲಿ ಇದು ಸಣ್ಣ ಪ್ರಶ್ನೆಯಲ್ಲ. ಖಾಲಿ ಹೊಟ್ಟೆಯ ಸಕ್ಕರೆ ಪರೀಕ್ಷೆ ಇದ್ದರೆ ಕನಿಷ್ಠ 8 ತಾಸು ಬರೀ ನೀರು ಮಾತ್ರ. ಹಾಲಿಲ್ಲದ ಬೆಲ್ಲದ ಕಾಪಿ 'ಲೈಟ್' ಎಂಬ ನಂಬಿಕೆ ಬಲವಾಗಿದೆ. ಆದರೆ ರಕ್ತದ ಲೆಕ್ಕದಲ್ಲಿ ಬೆಲ್ಲವೂ ಸಕ್ಕರೆಯೇ. ಸಕ್ಕರೆ ಕಾಯಿಲೆಯ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಆ ದಿನದ ಡೋಸ್ ಯಾವಾಗ ಎಂದು ಹಿಂದಿನ ಭೇಟಿಯಲ್ಲೇ ಕೇಳಿಟ್ಟುಕೊಳ್ಳಿ. ತಿನ್ನದೆ ಅವನ್ನು ತೆಗೆದುಕೊಂಡರೆ ಸಾಲಿನಲ್ಲೇ ತಲೆ ತಿರುಗಿ ಬೀಳಬಹುದು. ರಕ್ತ ಕೊಟ್ಟ ಕೂಡಲೇ ತಿನ್ನಲು ಬುತ್ತಿ ಕಟ್ಟಿಕೊಳ್ಳಿ. ಊಟವಾದ ಮೇಲಿನ ಪರೀಕ್ಷೆಗೆ ಮೊದಲ ತುತ್ತಿನಿಂದ ಎರಡು ತಾಸು ಲೆಕ್ಕ ಹಾಕಬೇಕು, ಕೈ ತೊಳೆದದ್ದರಿಂದ ಅಲ್ಲ. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಗೆ ಉಪವಾಸವೇ ಬೇಡ.

ಬಿಪಿ ನೋಡಿಸಿಕೊಳ್ಳುವ ಅರ್ಧ ತಾಸು ಮೊದಲು ಕಾಪಿ, ಬೀಡಿ, ಸಿಗರೇಟು ಬೇಡ. ಗುಡ್ಡ ಹತ್ತಿ ಬಂದ ಏದುಸಿರಿನಲ್ಲೇ ತೋಳು ಚಾಚಬೇಡಿ. ಮೂತ್ರ ಬಂದಿದ್ದರೆ ಹೋಗಿ ಬನ್ನಿ, ಬೆನ್ನು ಒರಗಿಸಿ, ಕಾಲು ನೆಲಕ್ಕೂರಿ, ಐದು ನಿಮಿಷ ಸುಮ್ಮನೆ ಕೂತ ಮೇಲೆ ನೋಡಿಸಿಕೊಳ್ಳಿ. 'ನಿಜವಾದ ಬಿಪಿ ಗೊತ್ತಾಗಲಿ' ಎಂದು ಆ ದಿನ ಮಾತ್ರೆ ಬಿಟ್ಟು ಹೋಗುವ ಜಾಣರಿದ್ದಾರೆ. ಡಾಕ್ಟರಿಗೆ ಬೇಕಾದದ್ದು ಮಾತ್ರೆ ತಗೊಂಡಾಗ ಬಿಪಿ ಎಷ್ಟಿದೆ ಎಂಬುದು. ಹಾಗಾಗಿ ಬಿಪಿ ಮಾತ್ರೆಯನ್ನು ಎಂದಿನಂತೆ ತೆಗೆದುಕೊಂಡೇ ಹೋಗಿ, ಎಷ್ಟು ಹೊತ್ತಿಗೆ ನುಂಗಿದಿರಿ ಎಂದೂ ಹೇಳಿ.

ಮುಚ್ಚಿಡಬಾರದ ಮಾತುಗಳು

ಕುಡಿಯುವುದನ್ನು ಹೇಳಿ. ದಿನಾ ಎಷ್ಟು ಪೆಗ್, ಮನೆಯಲ್ಲಿ ಮಾಡಿದ ವೈನ್ ಎಷ್ಟು ಎಂದು ಲೆಕ್ಕದಲ್ಲಿ ಹೇಳಿ. ಕೆಲವು ಔಷಧಿಗಳಿಗೂ ಮದ್ಯಕ್ಕೂ ಕೂಡಿಬರುವುದಿಲ್ಲ. ಡಾಕ್ಟರು ಕೇಳುವುದು ಬೈಯುವುದಕ್ಕಲ್ಲ (ಬೈದರೂ ಬೈಯಲಿ ಬಿಡಿ).

ಕೆಲಸ ಏನು ಎಂದೂ ಹೇಳಿ. ಮಳೆಗಾಲದಲ್ಲಿ ಜ್ವರ ಬಂದರೆ 'ಬರಿಗಾಲಲ್ಲಿ ಗದ್ದೆಗೆ ಇಳಿದಿದ್ದೆ, ಕಾಲಲ್ಲಿ ಗಾಯ ಇತ್ತು' ಎಂಬ ಒಂದೇ ಮಾತಿನಿಂದ ಡಾಕ್ಟರಿಗೆ ಇಲಿ ಜ್ವರದ ನೆನಪಾಗುತ್ತದೆ. ಇಲಿಯ ಮೂತ್ರ ಸೇರಿದ ನೀರಿನಿಂದ, ಗಾಯದ ಮೂಲಕ ಬರುವ ರೋಗ ಅದು. ಬೇಗ ಗುರುತಿಸಿದರೆ ಸಾಮಾನ್ಯ ಆಂಟಿಬಯಾಟಿಕ್‌ಗೇ ಬಗ್ಗುತ್ತದೆ, ಬಿಟ್ಟರೆ ಕಿಡ್ನಿ, ಲಿವರ್ ಹಿಡಿಯುತ್ತದೆ. ತೋಟಕ್ಕೆ ಔಷಧಿ ಹೊಡೆದ ದಿನ ವಾಂತಿ, ತಲೆಸುತ್ತು ಶುರುವಾದರೆ ಡಬ್ಬದ ಲೇಬಲ್ಲಿನ ಫೋಟೋ ತೆಗೆದುಕೊಂಡು ಆಗಲೇ ಹೊರಡಿ.

ಇನ್ನೊಂದು ನಮ್ಮೂರಿಗಷ್ಟೇ ಸಂಬಂಧಿಸಿದ್ದು. ಕಕ್ಕಡ ತಿಂಗಳ 18ಕ್ಕೆ, ಅಂದರೆ ಆಗಸ್ಟ್ 3ರ ಸುಮಾರಿಗೆ, ಮದ್ದು ಸೊಪ್ಪಿನ ಪಾಯಸ ತಿಂದರೆ ಮೂತ್ರ ಕೆಂಪಾಗುವುದು ಇಲ್ಲಿನ ಮಕ್ಕಳಿಗೂ ಗೊತ್ತು. ಬೇರೆ ಜಿಲ್ಲೆಯಿಂದ ಬಂದ ಡಾಕ್ಟರಿಗೋ ಲ್ಯಾಬಿನವರಿಗೋ ಗೊತ್ತಿರಬೇಕೆಂದೇನಿಲ್ಲ. ಆಗಸ್ಟ್ ಮೊದಲ ವಾರ ಮೂತ್ರ ಪರೀಕ್ಷೆಗೆ ಕೊಡುವುದಾದರೆ ಮೊದಲೇ ತಿಳಿಸಿ. ಪಾಯಸ ತಿನ್ನದೆ ಕೆಂಪಾದರೆ ಮಾತ್ರ ಅದನ್ನು ಮದ್ದಿನ ಲೆಕ್ಕಕ್ಕೆ ಹಾಕಬೇಡಿ, ತೋರಿಸಿ.

ಮನೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳ ಆಡುವ ಹಿರಿಯರ ಜೊತೆ ಕನ್ನಡ ಚೆನ್ನಾಗಿ ಬರುವ ಒಬ್ಬರು ಹೋಗಿ. ಆದರೆ ಅವರ ಬದಲಿಗೆ ನೀವೇ ಎಲ್ಲ ಹೇಳಿಬಿಡಬೇಡಿ.

ಹೊರಗೆ ಬರುವ ಮುನ್ನ

ನಾಲ್ಕು ವಿಷಯ ಕೇಳಿ: ಈ ಮಾತ್ರೆ ಯಾವುದಕ್ಕೆ, ಊಟಕ್ಕೆ ಮೊದಲೋ ಆಮೇಲೋ, ಎಷ್ಟು ದಿನ, ಏನಾದರೆ ವಾಪಸ್ ಬರಬೇಕು. ಹಳೆಯ ಮಾತ್ರೆಗಳಲ್ಲಿ ಯಾವುದನ್ನು ನಿಲ್ಲಿಸಬೇಕು ಎನ್ನುವುದು ಐದನೆಯದು, ಎಲ್ಲರೂ ಮರೆಯುವುದೂ ಅದನ್ನೇ. ಫಾರ್ಮಸಿ ಕಿಟಕಿಯಲ್ಲಿ ಕೊಟ್ಟದ್ದನ್ನು ಚೀಟಿಯ ಪಕ್ಕ ಹಿಡಿದು ತಾಳೆ ನೋಡಿ. ಬಿಪಿ, ಶುಗರಿನವರು ಮಳೆಗಾಲಕ್ಕೆ ಮೊದಲು ಒಂದು ತಿಂಗಳಿಗಾಗುವಷ್ಟು ಮಾತ್ರೆ ಕೇಳಿ ನೋಡಿ. ಮರ ಬಿದ್ದು ರಸ್ತೆ ಮುಚ್ಚಿದ ವಾರ ಮಾತ್ರೆ ಮುಗಿಯುವುದು ನಮಗೆ ಹೊಸದಲ್ಲ.

ಮಡಿಕೇರಿಯ ಮೆಡಿಕಲ್ ಕಾಲೇಜು ಆಸ್ಪತ್ರೆಗೋ ಮೈಸೂರು, ಮಂಗಳೂರಿಗೋ ಹೋಗಿ ಎಂದರೆ ಬಾಯಿಮಾತಿಗೆ ಹೊರಡಬೇಡಿ, ರೆಫರಲ್ ಚೀಟಿ ಬರೆಸಿಕೊಳ್ಳಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ತುರ್ತು ಸಂದರ್ಭ ಬಿಟ್ಟರೆ ಖಾಸಗಿ ಆಸ್ಪತ್ರೆಯಲ್ಲಿ ಅದು ಸಿಗಲು ಸರ್ಕಾರಿ ಆಸ್ಪತ್ರೆಯ ಆ ಚೀಟಿಯೇ ಬೇಕು.

ಸಾಲಿನಲ್ಲಿ ನಿಲ್ಲಬಾರದವರು

ಎದೆನೋವು, ಉಸಿರಾಟದ ಕಷ್ಟ, ಬಾಯಿ ಸೊಟ್ಟಗಾಗುವುದು, ಮಾತು ತೊದಲುವುದು, ಒಂದು ಕಡೆಯ ಕೈಕಾಲು ಸೋಲುವುದು, ನಿಲ್ಲದ ರಕ್ತ. ಇವಕ್ಕೆ ಚೀಟಿ ಆಮೇಲೆ, ಮೊದಲು ನೇರ ಒಳಗೆ. ಹಾವು ಕಚ್ಚಿದರೆ ಕಟ್ಟು ಬಿಗಿಯಬೇಡಿ, ಕೊಯ್ಯಬೇಡಿ. ಉಂಗುರ, ಬಳೆ ತೆಗೆದು, ಕಚ್ಚಿದ ಕೈಕಾಲು ಅಲ್ಲಾಡದಂತೆ ಇಟ್ಟು, ಕಚ್ಚಿದ ಹೊತ್ತು ನೆನಪಿಟ್ಟು ಹೊರಡಿಸಿ. ನಾಯಿ ಕಚ್ಚಿದರೆ ಮೊದಲು ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅದೇ ದಿನ ಇಂಜೆಕ್ಷನ್‌ಗೆ ಹೋಗಿ.

108ಕ್ಕೆ ಫೋನ್ ಮಾಡಿದಾಗ ಮನೆತನದ ಹೆಸರು ಹೇಳಿದರೆ ಡ್ರೈವರಿಗೆ ದಾರಿ ಸಿಗುವುದಿಲ್ಲ. ಬಸ್ ಸ್ಟಾಪ್, ಶಾಲೆ, ಎಸ್ಟೇಟಿನ ಗೇಟು ಹೇಳಿ. ನೆಟ್‌ವರ್ಕ್ ಸಿಗುವ ಜಾಗ ಯಾವುದು, ರಾತ್ರಿ ಬರುವ ಜೀಪಿನವರ ನಂಬರ್ ಯಾವುದು ಎಂದು ಇವತ್ತೇ ಗೋಡೆಗೆ ಬರೆದಿಡಿ. ಆ್ಯಂಬುಲೆನ್ಸ್ ಹೊರಟಿತು ಎಂದು ಗೊತ್ತಾದ ಕೂಡಲೇ ಇಬ್ಬರು ಟಾರ್ಚ್ ಹಿಡಿದು ಮೇನ್ ರೋಡಿನ ತಿರುವಿನಲ್ಲಿ ನಿಲ್ಲಲಿ. ಆನೆ ಓಡಾಡುವ ಕಡೆಯಾದರೆ ನಡೆದು ಹೋಗುವುದು ಬೇಡ, ಗಾಡಿಯಲ್ಲೇ ಹೋಗಿ.