ಆರೇ ಜನ, ಆದರೆ ಒಬ್ಬೊಬ್ಬರಿಗೆ ಎರಡು ಗಂಟೆ

"ಆರು ಜನರನ್ನು ಇಟ್ಟುಕೊಂಡು ಅದೇನು ಕನೆಕ್ಟಿವಿಟಿ ನೋಡ್ತೀರಿ?" ಅಂತ ನಕ್ಕವರೇ ಹೋದ ತಿಂಗಳು ನನ್ನ ಸ್ಕ್ರಿಪ್ಟ್ (ಲೆಕ್ಕ ಮಾಡುವ ಕೋಡ್) ಕೇಳಿದರು. ಅದಕ್ಕೇ ಬರೆಯುತ್ತಿದ್ದೇನೆ. ಕನೆಕ್ಟಿವಿಟಿ ಅಂದರೆ ಎಂಆರ್‌ಐ ಸ್ಕ್ಯಾನ್‌ನಲ್ಲಿ ಮೆದುಳಿನ ಬೇರೆ ಬೇರೆ ಜಾಗಗಳ ಸಿಗ್ನಲ್ ಒಟ್ಟಿಗೆ ಏರಿಳಿಯುವುದು; ಅದನ್ನೇ ಇಲ್ಲಿ ನಂಟು ಅನ್ನುತ್ತೇನೆ.

ಮೊದಲು ನಾನೂ ಎಲ್ಲರ ಹಾಗೇ ಮಾಡಿದ್ದೆ. ಎರಡು ಗುಂಪು, ಒಟ್ಟು ನಲವತ್ತು ಜನ, ತಲಾ ಆರು ನಿಮಿಷದ ರೆಸ್ಟಿಂಗ್ ಸ್ಕ್ಯಾನ್ (ಏನೂ ಕೆಲಸ ಕೊಡದೆ ಸುಮ್ಮನೆ ಮಲಗಿಸಿ ತೆಗೆಯುವುದು). ಇಡೀ ಮೆದುಳಿನ ಒಂದು ಚಿತ್ರಕ್ಕೆ (ವಾಲ್ಯೂಮ್) ಹಿಡಿಯುವ ಸಮಯ, ಟಿಆರ್, 2 ಸೆಕೆಂಡ್, ಅಂದರೆ 180 ವಾಲ್ಯೂಮ್. ಪೋಸ್ಟೀರಿಯರ್ ಸಿಂಗ್ಯುಲೇಟ್‌ನಲ್ಲಿ (ಮೆದುಳಿನ ಹಿಂಭಾಗದ ನಡುವಿನ ಜಾಗ) ಸೀಡ್ ಇಟ್ಟೆ, ಅಂದರೆ ಉಳಿದ ಜಾಗಗಳನ್ನೆಲ್ಲ ಅದರ ಜೊತೆ ಹೋಲಿಸಿದೆ. ಒಂದು ಗುಂಪಿನಲ್ಲಿ ಮೆದುಳಿನ ಮುಂಭಾಗದ ಜೊತೆ ನಂಟು ಸಡಿಲ, ಅಕ್ಕಪಕ್ಕದ ಜಾಗಗಳ ಜೊತೆ ಬಿಗಿ. ಕುಣಿದಾಡಿಬಿಟ್ಟೆ. ಆಮೇಲೆ ಮೋಷನ್ ಗ್ರಾಫ್ ತೆಗೆದರೆ ಅದೇ ಗುಂಪು ತಲೆ ಜಾಸ್ತಿ ಅಲುಗಾಡಿಸಿತ್ತು. ತಲೆ ಅಲುಗಿದರೆ ದೂರದ ನಂಟು ಕಮ್ಮಿ, ಹತ್ತಿರದ್ದು ಜಾಸ್ತಿ ಕಾಣುತ್ತದೆ ಅಂತ 2012ರಿಂದಲೇ ಗೊತ್ತಿರುವ ವಿಷಯ, ಅಲ್ವಾ? ಎಫ್‌ಡಿ (ಒಂದು ವಾಲ್ಯೂಮ್‌ನಿಂದ ಮುಂದಿನದಕ್ಕೆ ತಲೆ ಅಲುಗಿದ ಅಳತೆ) 0.2 ಮಿ.ಮೀ. ದಾಟಿದ ಫ್ರೇಮ್‌ಗಳನ್ನು ಕಿತ್ತು ಹಾಕಿದೆ. ಕೆಲವರಲ್ಲಿ ಎರಡು ನಿಮಿಷದ ಡೇಟಾನೂ ಉಳಿಯಲಿಲ್ಲ. ವ್ಯತ್ಯಾಸವೂ ಮಾಯ. ಅಷ್ಟರಲ್ಲಿ ಅನುದಾನದ ಅರ್ಧಕ್ಕಿಂತ ಜಾಸ್ತಿ ಸ್ಕ್ಯಾನರ್ ಬಾಡಿಗೆಗೆ ಹೋಗಿತ್ತು.

ಉಳಿದ ದುಡ್ಡಿನಲ್ಲಿ ಆರು ಜನ, ತಲಾ ನಾಲ್ಕು ದಿನ, ದಿನಕ್ಕೆ ಅರ್ಧ ಗಂಟೆ. ಉಳಿತಾಯಕ್ಕೆ ರಾತ್ರಿಯ ಅಗ್ಗದ ಸ್ಲಾಟ್ ಹಿಡಿದೆ. ದಡ್ಡತನ! ಕ್ಯಾಮೆರಾದಲ್ಲಿ ನೋಡಿದರೆ ಪರದೆಯ ಪ್ಲಸ್ ಗುರುತು ನೋಡಬೇಕಾದ ಕಣ್ಣು ಐದನೇ ನಿಮಿಷಕ್ಕೇ ಮುಚ್ಚಿತ್ತು. ನಿದ್ದೆ ಬಂದರೆ ನಂಟಿನ ಚಿತ್ರವೇ ಬೇರೆ. ಮೂರು ಸ್ಕ್ಯಾನ್ ಎಸೆದು, ಪೂರ್ತಿ ದರ ಕೊಟ್ಟು ಬೆಳಗಿಗೆ ಬದಲಾಯಿಸಿದೆ. ತಲೆ ಅಲುಗದಿರಲಿ ಅಂತ ಹಣೆಗೆ ಟೇಪ್ ಅಂಟಿಸುವುದು ಎಲ್ಲರಿಗೂ ಗೊತ್ತು. ಅದರ ಜೊತೆ ನಾನು ಹೇಳಿಕೊಡುವ ಒಂದು ಉಪಾಯ ಇದೆ, ಅದು ಸದ್ಯಕ್ಕೆ ನನ್ನಲ್ಲೇ ಇರಲಿ.

ನಡುವೆ ಸುಮ್ನೆ ಒಂದು ಆಟ ಆಡಿದೆ: ವೆಂಟ್ರಿಕಲ್‌ನಲ್ಲಿ ಸೀಡ್ ಇಟ್ಟೆ. ಮೆದುಳಿನೊಳಗೆ ಬರೀ ದ್ರವ ಇರುವ ಜಾಗ, ಆದರೂ ಚೆಂದದ ನೆಟ್‌ವರ್ಕ್ ಬಂತು! ಕಾರ್ಪೆಟ್ ಪ್ಲಾಟ್‌ನಲ್ಲಿ (ಮೆದುಳಿನ ಎಲ್ಲ ಬಿಂದುಗಳ ಸಿಗ್ನಲ್ ಸಾಲುಸಾಲಾಗಿ, ಸಮಯದ ಜೊತೆ ತೋರಿಸುವ ಚಿತ್ರ) ಮೇಲಿಂದ ಕೆಳಗಿನವರೆಗೆ ಕಪ್ಪು ಗೀಟು. ಉಸಿರಾಟ ಅಳೆಯುವ ಬೆಲ್ಟ್‌ನ ರೆಕಾರ್ಡಿಂಗ್ ಪಕ್ಕದಲ್ಲಿಟ್ಟರೆ, ಪ್ರತಿ ಗೀಟಿಗೂ ಸ್ವಲ್ಪ ಮೊದಲು ಒಂದು ದೊಡ್ಡ ನಿಟ್ಟುಸಿರು. ಗ್ಲೋಬಲ್ ಸಿಗ್ನಲ್ (ಇಡೀ ಮೆದುಳಿನ ಸರಾಸರಿ) ತೆಗೆದಾಗ ಗೀಟು ಹೋಯಿತು, ಆದರೆ ಒಂದು ಜಾಗ ಏರಿದರೆ ಇನ್ನೊಂದು ಇಳಿಯುವ ನೆಗೆಟಿವ್ ಕೋರಿಲೇಶನ್‌ಗಳು ಹುಟ್ಟಿಕೊಂಡವು. ಅವುಗಳಿಗೆ ನಾನು ಅರ್ಥ ಹಚ್ಚಲು ಹೋಗಲಿಲ್ಲ.

ಕೊನೆಗೆ ಲೆಕ್ಕ: ಐದು ನಿಮಿಷದ ಮ್ಯಾಟ್ರಿಕ್ಸ್ (ಎಲ್ಲ ಜಾಗಗಳ ನಡುವಿನ ನಂಟಿನ ಕೋಷ್ಟಕ) ಅದೇ ವ್ಯಕ್ತಿಯ ಉಳಿದ ಡೇಟಾ ಜೊತೆ ಹೆಚ್ಚುಕಮ್ಮಿ 0.6 ಹೊಂದುತ್ತಿತ್ತು (1 ಅಂದರೆ ಪೂರ್ತಿ ಹೊಂದಿಕೆ). ನಲವತ್ತು ನಿಮಿಷ ಕೊಟ್ಟರೆ 0.9ರ ಹತ್ತಿರ. ಮೂರನೆಯವರ ಮೆದುಳಿನ ಮುಂಭಾಗದಲ್ಲಿ ಒಂದು ಚಿಕ್ಕ ತುಂಡು ಪಕ್ಕದ ಜಾಗಗಳನ್ನೆಲ್ಲ ಬಿಟ್ಟು ಡೀಫಾಲ್ಟ್ ಮೋಡ್ (ಸುಮ್ಮನಿದ್ದಾಗ ಚುರುಕಾಗುವ ನೆಟ್‌ವರ್ಕ್) ಜೊತೆ ಸೇರಿಕೊಂಡಿತ್ತು. ನಾಲ್ಕೂ ದಿನ ಅದೇ ಜಾಗದಲ್ಲಿ. ಆರೂ ಜನರ ಸರಾಸರಿಯಲ್ಲಿ ಹುಡುಕಿದರೆ ಅದರ ಸುಳಿವೂ ಇಲ್ಲ.