ಗೋಡೌನ್‌ನಲ್ಲಿ ಬೆಲ್ಜಿಯಂ ಬಯರ್: ವಿದೇಶಿ ಚೌಕಾಸಿ ಕಲಿತ ನನ್ನ ಅನುಭವ

ಹೋದ ಸೀಸನ್‌ನಲ್ಲಿ ನಮ್ಮಿಂದ ನಾಲ್ಕು ಕಂಟೇನರ್ ರೊಬಸ್ಟಾ ಪಾರ್ಚ್‌ಮೆಂಟ್ ಎಬಿ ದರ್ಜೆಯ ಕಾಫಿ ಬೆಲ್ಜಿಯಂಗೆ ಹೋಯಿತು. ಡಿಫರೆನ್ಷಿಯಲ್‌ನಲ್ಲಿ, ಅಂದರೆ ಲಂಡನ್ ಮಾರುಕಟ್ಟೆ ದರಕ್ಕೆ ಕೂಡುವ ಅಥವಾ ಕಳೆಯುವ ಮೊತ್ತದಲ್ಲಿ, ಬಯರ್‌ಗೆ ಟನ್‌ಗೆ 20 ಡಾಲರ್ ಬಿಟ್ಟುಕೊಟ್ಟೆ. ಆದರೂ ಹಿಂದಿನ ಷರತ್ತಿಗೆ ಹೋಲಿಸಿದರೆ ಎರಡು ಲಕ್ಷದ ಹತ್ತಿರ ಜಾಸ್ತಿ ಉಳಿಯಿತು. ಹೇಗೆ ಅಂತ ನಮ್ಮ ಲೈನಿನವರು ಇಬ್ಬರು ಮೂವರು ಫೋನ್ ಮಾಡಿ ಕೇಳಿದರು. "ಏನ್ ಮಾರಾಯ, ನಾಟಕ ಕಂಪನಿ ತೆಗ್ದಿದ್ದೀಯಂತೆ" ಅಂತ ಮೊದಲು ನಕ್ಕವರೂ ಇವರೇ. ಗೋಡೌನ್‌ನಲ್ಲಿ ನಾವು ನಾವೇ ಬಯರ್, ಮಾರುವವನ ಪಾತ್ರ ಹಾಕಿ ಚೌಕಾಸಿ ಅಭ್ಯಾಸ ಮಾಡುತ್ತಿದ್ದೆವು, ಅದಕ್ಕೇ ಆ ನಗು. ಆ ಆಟದ ಬಗ್ಗೆಯೇ ಬರೆಯುತ್ತಿದ್ದೇನೆ. ಎಫ್‌ಒಬಿ (ಹಡಗಿಗೆ ಏರಿಸುವವರೆಗೆ ಮಾತ್ರ ನಮ್ಮ ಖರ್ಚು), ಸಿಎಡಿ (ದಾಖಲೆ ಕೊಟ್ಟಾಗಲೇ ಹಣ), ಲಂಡನ್ ಫಿಕ್ಸಿಂಗ್ (ಲಂಡನ್ ಮಾರುಕಟ್ಟೆಯ ರೊಬಸ್ಟಾ ದರ ನೋಡಿ ಬೆಲೆ ಗಟ್ಟಿ ಮಾಡುವುದು) ಎಲ್ಲ ನಮ್ಮ ಲೈನಿನವರಿಗೆ ಗೊತ್ತಿರುವುದೇ. ಅದಕ್ಕಿಂತ ಹೆಚ್ಚು ವಿವರಿಸುವುದಿಲ್ಲ.

ಚೌಕಾಸಿ ಕಲಿಯಲು ಹೋದ ನನ್ನ ಮೊದಲ ಕಾರ್ಯಾಗಾರ ಬೆಂಗಳೂರಿನ ಒಂದು ದೊಡ್ಡ ಹೋಟೆಲ್‌ನಲ್ಲಿ. ಎರಡು ದಿನ. ಫೀಸು, ರೂಮು, ಓಡಾಟ ಸೇರಿ 40 ಸಾವಿರ ಹೋಯಿತು. ಅಲ್ಲಿ ಆಡಿಸಿದ್ದು ಕಿತ್ತಳೆ ಹಣ್ಣಿನ ಆಟ. ಇಬ್ಬರಿಗೂ ಅದೇ ಹಣ್ಣು ಬೇಕು. ಆಮೇಲೆ ನೋಡಿದರೆ ಒಬ್ಬನಿಗೆ ರಸ ಸಾಕು, ಇನ್ನೊಬ್ಬನಿಗೆ ಸಿಪ್ಪೆ ಸಾಕು. ಎಲ್ಲರೂ ಚಪ್ಪಾಳೆ ತಟ್ಟಿದರು. ಊರಿಗೆ ಬಂದು ಯೋಚಿಸಿದೆ, ಕಾಫಿಯ ಸಿಪ್ಪೆ ಸಾಕು ಅನ್ನುವ ಬಯರ್ ನನಗೆ ಎಲ್ಲಿ ಸಿಗಬೇಕು? ಪಾಠ ತಪ್ಪು ಅಂತಲ್ಲ. ಅದು ಸಾಫ್ಟ್‌ವೇರ್ ಕಂಪನಿಯವರಿಗೆ ಬರೆದದ್ದು, ಅಷ್ಟೇ. ಆಮೇಲೆ ಆನ್‌ಲೈನ್‌ನಲ್ಲಿ ಇನ್ನೊಂದಕ್ಕೆ 15 ಸಾವಿರ ಚಿಲ್ಲರೆ ಕೊಟ್ಟೆ. ಅದರಲ್ಲಿ ಬೇರೆ ಬೇರೆ ದೇಶದವರ ಜೊತೆ ಜೋಡಿ ಹಾಕುತ್ತಿದ್ದರು. ನನ್ನ ಎದುರು ಕೂತಿದ್ದ ಡಚ್ ಹುಡುಗಿ ಮೂರು ನಿಮಿಷಕ್ಕೇ "ಆಗಲ್ಲ" ಅಂದುಬಿಟ್ಟಳು. ನಾನು ಮುಖ ಸಣ್ಣ ಮಾಡಿಕೊಂಡೆ. ಅವಳಿಗೆ ಅದು ಮಾತಿನ ಶುರುವಾಗಿತ್ತು. ಆ ಒಂದು ಪೆಟ್ಟಿಗೇ 15 ಸಾವಿರ ವಸೂಲಾಯಿತು ಅನ್ನಬಹುದು.

2023ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರು ಅರಮನೆ ಮೈದಾನದ ಕಡೆ ವಿಶ್ವ ಕಾಫಿ ಸಮ್ಮೇಳನ ಆಯಿತಲ್ಲ, ಅಲ್ಲಿ ಯುರೋಪಿನವರ ಜೊತೆ ಎದುರಾಬದುರು ಕೂತು ಮಾತಾಡಿದೆ. ಅವರು ಕೇಳುವ ಪ್ರಶ್ನೆಗಳಲ್ಲಿ ಬೆಲೆಯದ್ದು ಕಡಿಮೆ. ಹಣ ಯಾವಾಗ, ಸ್ಯಾಂಪಲ್ ಒಪ್ಪದಿದ್ದರೆ ಏನು, ತೂಕ ಎಲ್ಲಿಯದು, ತೋಟದ ಜಿಪಿಎಸ್ ಗುರುತು ಇದೆಯಾ, ಬರೀ ಇದೇ. ನಾನೋ 10 ಡಾಲರ್‌ಗೆ ಜಗಳ ಆಡಲು ತಯಾರಾಗಿ ಹೋಗಿದ್ದೆ. ಆಟ ಬೇಕು, ಆದರೆ ಆ ಆಟವನ್ನು ನಾವೇ ನಮ್ಮ ಸರಕಿಗೆ ತಕ್ಕ ಹಾಗೆ ಬರೆದುಕೊಳ್ಳಬೇಕು ಅಂತ ಆಗ ತಲೆಗೆ ಹೋಯಿತು.

ನಮ್ಮ ಕಡೆ ನನ್ನನ್ನೂ ಸೇರಿಸಿ ಸಣ್ಣ ಎಕ್ಸ್‌ಪೋರ್ಟರ್‌ಗಳು ಮೂವರು, ಕಾಫಿ ಸಂಸ್ಕರಿಸುವ ಕ್ಯೂರಿಂಗ್ ವರ್ಕ್ಸ್ ನೋಡಿಕೊಳ್ಳುವವರು ಒಬ್ಬರು, ಪ್ಯಾಕಿಂಗ್ ಕ್ರೆಡಿಟ್ (ರಫ್ತಿಗೆ ಮೊದಲು ಬ್ಯಾಂಕ್ ಕೊಡುವ ಸಾಲ) ಕೊಟ್ಟು ತಲೆ ಬೆಳ್ಳಗಾದ ನಿವೃತ್ತ ಬ್ಯಾಂಕ್ ಮ್ಯಾನೇಜರ್ ಒಬ್ಬರು, ಮತ್ತೆ ಬಿಕಾಂ ಓದುವ ನನ್ನ ಮಗಳು. ಗೋಡೌನ್‌ನ ಆಫೀಸ್ ರೂಮಿನಲ್ಲಿ ಸಂಜೆ ಸೇರುತ್ತಿದ್ದೆವು. ಹಾಳೆ ಬರೆಯುವುದು ಮ್ಯಾನೇಜರ್ ಸಾಹೇಬರ ಕೆಲಸ. ಇಬ್ಬರಿಗೂ ಗೊತ್ತಿರುವ ವಿಷಯಕ್ಕೆ ಒಂದು ಹಾಳೆ. ಆಮೇಲೆ ಮಾರುವವನಿಗೊಂದು ಗುಟ್ಟಿನ ಹಾಳೆ, ಕೊಳ್ಳುವವನಿಗೊಂದು. ಬಯರ್ ಹಾಳೆಯಲ್ಲಿ ಅವನ ಹತ್ತಿರ ಎಷ್ಟು ವಾರದ ಸ್ಟಾಕ್ ಇದೆ, ಉಗಾಂಡಾ ಮಾಲು ಎಷ್ಟಕ್ಕೆ ಸಿಗುತ್ತೆ, ಅವನ ಬಾಸ್ ಎಷ್ಟರವರೆಗೆ ಹೋಗಬಹುದು ಅಂದಿದ್ದಾನೆ, ಎಲ್ಲ ಇರುತ್ತೆ.

ಮೊದಮೊದಲು ಏನೂ ಆಗಲಿಲ್ಲ. ಹತ್ತು ನಿಮಿಷದಲ್ಲಿ ಮಧ್ಯದ ಬೆಲೆಗೆ ಒಪ್ಪಿ, ಚಹಾ ಕುಡಿದು, ಕಾಳುಮೆಣಸಿನ ರೇಟು ಮಾತಾಡಿಕೊಂಡು ಎದ್ದುಹೋಗುತ್ತಿದ್ದರು. ಸ್ನೇಹಿತರ ಮಧ್ಯೆ ಚೌಕಾಸಿ ಆಗುವುದಿಲ್ಲ. ಸರಿ, ತಲೆಗೆ ಎರಡು ಸಾವಿರ ಮೇಜಿನ ಮೇಲಿಟ್ಟು ಆಡೋಣ ಅಂದೆವು. ಆಗ ಆಟ ಕಾವೇರಿತು, ಜೊತೆಗೆ ಜಗಳವೂ ಬಂತು. ಒಬ್ಬರು ಹಾಳೆ ಹರಿದು ಎದ್ದುಹೋಗಿ, ತಿಂಗಳು ಮಾತು ಬಿಟ್ಟಿದ್ದರು. ದಾರಿ ತೋರಿಸಿದ್ದು ಮ್ಯಾನೇಜರ್ ಸಾಹೇಬರು. ಎದುರು ಕೂತವನ ಜೊತೆ ಸೋಲು ಗೆಲುವು ಲೆಕ್ಕ ಹಾಕಬೇಡಿ ಅಂದರು. ಅದೇ ಹಾಳೆಯನ್ನು ಮೂರು ಜೋಡಿ ಬೇರೆ ಬೇರೆಯಾಗಿ ಆಡಬೇಕು. ಮಾರುವ ಮೂವರಲ್ಲಿ ಯಾರು ಒಳ್ಳೆಯ ಒಪ್ಪಂದ ತಂದರೋ ಅವರಿಗೆ ದುಡ್ಡು. ಕೊಳ್ಳುವ ಮೂವರಲ್ಲೂ ಹಾಗೇ. ಆಗ ಎದುರಿನವನನ್ನು ತುಳಿಯುವ ಚಟ ಬಿಟ್ಟು, ಅವನಿಗೆ ಅಗ್ಗವಾದ, ನನಗೆ ಬೆಲೆಬಾಳುವ ವಿಷಯ ಯಾವುದು ಅಂತ ಹುಡುಕಲು ಶುರು ಮಾಡಿದೆವು. ತಲೆ ಆರೇ ಇದ್ದದ್ದರಿಂದ ಮೂರು ಜೋಡಿಗೆ ಸರಿಹೋಯಿತು. ಸಾಹೇಬರು ಆಡುವ ದಿನ ಹಾಳೆ ಬರೆಯಲು ಬೇರೆಯವರನ್ನು ಹಿಡಿಯಬೇಕಾಗುತ್ತಿತ್ತು.

ಅಂಕ ಹಾಕುವುದು ಹೇಗೆ ಅನ್ನುವುದೇ ದೊಡ್ಡ ತಲೆನೋವು. ಪ್ರತಿ ಷರತ್ತನ್ನೂ ಟನ್‌ಗೆ ಡಾಲರ್‌ಗೆ ಇಳಿಸಿದೆವು. ಒಂದು ಕಂಟೇನರ್‌ಗೆ 60 ಕೆಜಿಯ 320 ಚೀಲ, ಅಂದರೆ 19.2 ಟನ್. ಟನ್‌ಗೆ 4000 ಡಾಲರ್, ಡಾಲರ್‌ಗೆ 85 ಅಂತ ಇಟ್ಟುಕೊಳ್ಳಿ. ಕಂಟೇನರ್ ಬೆಲೆ 65 ಲಕ್ಷ. ಬಯರ್ 45 ದಿನ ಸಾಲ ಕೇಳಿದರೆ, ಶೇಕಡಾ 10ರ ಬಡ್ಡಿಯಲ್ಲಿ ನಮಗೆ ಬೀಳುವುದು 80 ಸಾವಿರ. ಟನ್‌ಗೆ ಸುಮಾರು 49 ಡಾಲರ್! ನಾವು ಬಾಯಿ ಒಣಗುವವರೆಗೆ 10 ಡಾಲರ್‌ಗೆ ಎಳೆದಾಡಿ, ಕೊನೆಗೆ "ದಿನದ್ದೇನು ಬಿಡಿ, ಹಳೇ ಪಾರ್ಟಿ" ಅಂತ 49 ಡಾಲರ್ ದಾನ ಮಾಡುತ್ತಿದ್ದೆವು. ಲಂಡನ್ ದರ ಟನ್‌ಗೆ 1500 ಡಾಲರ್ ಇದ್ದ ಕಾಲದಲ್ಲಿ ಅದೇ 45 ದಿನಕ್ಕೆ 18 ಡಾಲರ್ ಆಗುತ್ತಿತ್ತು, ಯಾರೂ ತಲೆಕೆಡಿಸಿಕೊಳ್ಳಲಿಲ್ಲ. 2024ರಲ್ಲಿ ರೊಬಸ್ಟಾ 5000 ದಾಟಿದ ಮೇಲೂ ಅದೇ ಅಭ್ಯಾಸ ಮುಂದುವರಿದಿತ್ತು. ಬೆಲ್ಜಿಯಂ ಕೇಸಿನಲ್ಲಿ ನಾನು ಮಾಡಿದ್ದು ಇಷ್ಟೇ. 20 ಬಿಟ್ಟೆ, 45 ದಿನ ತೆಗೆಸಿ ಸಿಎಡಿಗೆ ತಂದೆ. ಅವರಿಗೆ ಅವರ ದೇಶದ ಬಡ್ಡಿ ನಮ್ಮಷ್ಟಿಲ್ಲ, ಆದ್ದರಿಂದ ಆ ದಿನಗಳು ಅವರಿಗೆ ಅಗ್ಗ, ನಮಗೆ ದುಬಾರಿ. ಇದನ್ನು ಕಂಡುಹಿಡಿದದ್ದು ನಾನು ಬಯರ್ ಪಾತ್ರ ಮಾಡಿದ ಸಂಜೆಗಳಲ್ಲಿ.

ಗೋಣಿಚೀಲದ ಬದಲು ಬಲ್ಕ್ ಲೈನರ್ (ಕಂಟೇನರ್ ಒಳಗೆ ಹಾಕುವ ಒಂದೇ ದೊಡ್ಡ ಚೀಲ) ಕೊಟ್ಟರೆ 21 ಟನ್ ಮೇಲೆ ಹಿಡಿಯುತ್ತೆ. ಬಯರ್‌ಗೆ ಟನ್‌ಗೆ ಹಡಗಿನ ಬಾಡಿಗೆ ಇಳಿಯುತ್ತೆ, ನಮಗೆ ಚೀಲದ ಖರ್ಚು ಉಳಿಯುತ್ತೆ. ಇದನ್ನು ಸುಮ್ನೆ ಕೊಡಬೇಡಿ, ಏನಾದರೂ ಕೇಳಿ ಕೊಡಿ. ಯಾವ ಹಂತದಲ್ಲಿ ಇದನ್ನು ಹೊರಗೆ ತೆಗೆಯಬೇಕು ಅನ್ನುವುದನ್ನು ಮಾತ್ರ ಹೇಳುವುದಿಲ್ಲ. ಅದು ನಮ್ಮ ಹೊಟ್ಟೆಪಾಡು.

ಆಟದ ಮಧ್ಯೆ ಮಧ್ಯೆ ಒಂದೊಂದು ದಿಢೀರ್ ಸುದ್ದಿ ಬರೆದ ಚೀಟಿ ಎತ್ತುವ ಪದ್ಧತಿಯೂ ಇದೆ. ಕೆಂಪು ಸಮುದ್ರದ ದಾರಿ ಬಂದ್, ಹಡಗು ಆಫ್ರಿಕಾ ಸುತ್ತಿ ಹೋಗುತ್ತೆ. ಕಾಡು ಕಡಿದು ಬೆಳೆದ ಕಾಫಿ ಬೇಡ ಅನ್ನುವ ಯುರೋಪಿನ ಅರಣ್ಯ ನಿಯಮ ಮತ್ತೆ ಮುಂದಕ್ಕೆ ಹೋಯಿತು, ಈಗ ಜಿಪಿಎಸ್ ಖರ್ಚು ಯಾರದ್ದು? ಚೀಟಿ ಬಂದ ಕೂಡಲೇ ಎಲ್ಲರೂ ಬೆಲೆ ಇಳಿಸಲು ಓಡುತ್ತಿದ್ದರು. ಎಫ್‌ಒಬಿ ಮಾರಿದವನಿಗೆ ಹಡಗಿನ ಬಾಡಿಗೆ ಏರಿದರೆ ನೇರ ಖರ್ಚಿಲ್ಲ ಅಲ್ವಾ, ಆದರೂ ಗಾಬರಿ!

ಅತಿ ಗಟ್ಟಿ ಬಯರ್ ನನ್ನ ಮಗಳು. ಈ ವ್ಯಾಪಾರದ ವಾಡಿಕೆ ಅವಳಿಗೆ ಗೊತ್ತಿಲ್ಲ. "ಯಾಕೆ? ಎಲ್ಲಿ ಬರ್ದಿದೆ ಅಪ್ಪ?" ಅಂತ ಪ್ರತಿ ಸಾಲಿಗೂ ಕೇಳುತ್ತಾಳೆ. ಅವಳ ಕಾಟಕ್ಕೆ ನಾನು ಯುರೋಪಿನ ಕಾಫಿ ಕರಾರನ್ನು ಪೂರ್ತಿ ಓದಿದೆ. ಫೋನ್‌ನಲ್ಲಿ ರೆಕಾರ್ಡ್ ಮಾಡಿ ಕೇಳುವುದನ್ನು ಕಲಿಸಿದವಳೂ ಅವಳೇ. ಕೇಳಿದರೆ ನಾಚಿಕೆಯಾಗುತ್ತೆ. ಬಯರ್ ಬಾಯಿ ಬಿಡುವ ಮೊದಲೇ "ಅಡ್ಜಸ್ಟ್ ಮಾಡೋಣ ಬಿಡಿ" ಅಂತ ನಾವೇ ಅಂದಿರುತ್ತೇವೆ. ಬೆಲೆ ಹೇಳಿ ಸುಮ್ಮನಿರುವ ಉಪಾಯವನ್ನೂ ಪರೀಕ್ಷೆ ಮಾಡಿದೆವು. ಎದುರು ಕೂತಾಗ ಭರ್ಜರಿ ಕೆಲಸ ಮಾಡುತ್ತೆ. ವಿಡಿಯೋ ಕಾಲ್‌ನಲ್ಲಿ "ಹಲೋ, ಕೇಳಿಸ್ತಿದೆಯಾ?" ಅಂತಾರೆ, ಉಪಾಯ ಅಲ್ಲಿಗೇ ಮುಗಿಯಿತು. ವಾಟ್ಸಾಪ್‌ನಲ್ಲಂತೂ ಬೆಲೆ ಮಾತು ಬೇಡವೇ ಬೇಡ.

ಇಂಗ್ಲಿಷ್‌ನಲ್ಲೇ ಆಡಬೇಕಾ ಅಂತ ಕೇಳುವವರಿದ್ದಾರೆ. ನಾವು ಮೊದಲ ಸುತ್ತು ಕನ್ನಡದಲ್ಲಿ, ಎರಡನೆಯದು ಇಂಗ್ಲಿಷ್‌ನಲ್ಲಿ ಆಡುತ್ತೇವೆ. ಲೆಕ್ಕ ತಲೆಯಲ್ಲಿ ಕೂತ ಮೇಲೆ ಭಾಷೆ ತಾನಾಗಿ ಬರುತ್ತೆ.

ಖರ್ಚು? ಸಂಜೆಗೆ ಚಹಾ, ಬೋಂಡ, ಜೆರಾಕ್ಸ್ ಸೇರಿ 500 ದಾಟಿಲ್ಲ. ಅರೇಬಿಕಾದವರು ನಮ್ಮ ಹಾಳೆ ಕೇಳುತ್ತಿದ್ದಾರೆ. ಹಾಗೇ ನಕಲು ಮಾಡಿದರೆ ಕೆಡುತ್ತೆ. ಅರೇಬಿಕಾದವರೇ, ನಿಮ್ಮದು ನ್ಯೂಯಾರ್ಕ್ ಮಾರುಕಟ್ಟೆ ದರ, ಪೌಂಡ್ ತೂಕಕ್ಕೆ ಸೆಂಟ್ ಲೆಕ್ಕ. ಒಂದು ಸೆಂಟ್ ಅಂದರೆ ಟನ್‌ಗೆ 22 ಡಾಲರ್ ಆಗುತ್ತೆ. ಯಾವ ಷರತ್ತಿಗೆ ಎಷ್ಟು ಸೆಂಟ್ ಅನ್ನುವ ಪಟ್ಟಿ ಮೊದಲು ಮಾಡಿಟ್ಟುಕೊಳ್ಳಿ, ಆಮೇಲೆ ಜೋಡಿ ಹುಡುಕಿ.