ಗಾಳಿಯ ಪಿಎಂ 2.5 ಎಲ್ಲಿಂದ ಬಂತು ಅಂತ ಮನೆಯಲ್ಲೇ ಪತ್ತೆ ಹಚ್ಚುವುದು ಹೇಗೆ

ಗಾಳಿಯ ಗುಣಮಟ್ಟದ ಆ್ಯಪ್ ತೆರೆದರೆ ಪಿಎಂ 2.5 (ಅಂದರೆ 2.5 ಮೈಕ್ರಾನ್ ಅಥವಾ ಅದಕ್ಕಿಂತ ಸಣ್ಣ ಕಣ) ಅಂತ 80 ಕಾಣುತ್ತದೆ. ಸರಿ, ಏನದು 80? ಹೊಗೆಯಾ, ಮಣ್ಣಾ, ಬ್ರೇಕ್ ಸವೆದ ಪುಡಿಯಾ? ಒಂದು ಘನ ಮೀಟರ್ ಗಾಳಿಯಲ್ಲಿ 80 ಮೈಕ್ರೋಗ್ರಾಂ ಇದೆ ಅನ್ನುವುದಷ್ಟೇ ಅದರ ಅರ್ಥ. ಉಳಿದದ್ದನ್ನು ನಾವೇ ಊಹಿಸಬೇಕು. (ಎಕ್ಯೂಐ, ಅಂದರೆ ಗಾಳಿ ಗುಣಮಟ್ಟ ಸೂಚ್ಯಂಕದ ಅಂಕಿ ಬೇರೆ, ಅದನ್ನು ಇಲ್ಲಿ ತರಬೇಡಿ.)

ಮೊದಲು ಪಕ್ಕದಲ್ಲಿರುವ ಪಿಎಂ 10 (10 ಮೈಕ್ರಾನ್‌ವರೆಗಿನ ಎಲ್ಲ ಕಣ) ನೋಡಿ, ಅದರಿಂದ 2.5ರ ಅಂಕಿಯನ್ನು ಭಾಗಿಸಿ. 0.3ರ ಆಸುಪಾಸು ಬಂದರೆ ರಸ್ತೆ, ಕಟ್ಟಡ ಕೆಲಸದ ಧೂಳು ಜಾಸ್ತಿ. 0.7 ದಾಟಿದರೆ ಎಲ್ಲೋ ಏನೋ ಉರಿಯುತ್ತಿರಬಹುದು. ಈ ಲೆಕ್ಕಕ್ಕೆ ಗಾಳಿ ಅಳೆಯುವ ಅಧಿಕೃತ ಕೇಂದ್ರದ ಅಂಕಿಯೇ ಬೇಕು, ಮನೆಯಲ್ಲಿಡುವ ಅಗ್ಗದ ಲೇಸರ್ ಮೀಟರ್‌ಗೆ ದಪ್ಪ ಕಣ ಸರಿಯಾಗಿ ಕಾಣುವುದಿಲ್ಲ.

ಆಮೇಲೆ ಹೊತ್ತು ನೋಡಿ. ಬೆಳಿಗ್ಗೆ, ಸಂಜೆ ಟ್ರಾಫಿಕ್ ಸಮಯಕ್ಕೆ ಏರಿದರೆ ವಾಹನದ ಮೇಲೆ ಅನುಮಾನ ಪಡಿ. ರಾತ್ರಿ ಏರಿದರೆ ಮಾತ್ರ ದುಡುಕಬೇಡಿ. ನೆಲದ ಹತ್ತಿರದ ಗಾಳಿ ತಣ್ಣಗಾಗಿ ಮೇಲೇಳದೆ ಕೂತುಬಿಡುತ್ತದೆ, ಹಾಗಾಗಿ ಸ್ವಲ್ಪ ಹೊಗೆಗೂ ಅಂಕಿ ಏರುತ್ತದೆ.

ಇಡೀ ನಗರದಲ್ಲಿ ಒಂದೇ ಥರ ಜಾಸ್ತಿ ಇದ್ದರೆ? ಆಗ ಕಣದ ದೊಡ್ಡ ಪಾಲು ಯಾವ ಹೊಗೆ ಕೊಳವೆಯಿಂದಲೂ ಕಣವಾಗಿ ಬಂದಿರದೆ, ಅನಿಲಗಳಿಂದ ಗಾಳಿಯಲ್ಲೇ ಹುಟ್ಟಿರಬಹುದು. ಕಲ್ಲಿದ್ದಲು ಉರಿದಾಗ ಬರುವ ಸಲ್ಫರ್ ಡೈಆಕ್ಸೈಡ್ ನಿಧಾನಕ್ಕೆ ಸಲ್ಫೇಟ್ ಆಗುತ್ತದೆ. ವಾಹನದ ನೈಟ್ರೋಜನ್ ಆಕ್ಸೈಡ್ ಆಮ್ಲವಾಗಿ, ಗೊಬ್ಬರ ಮತ್ತು ಸಗಣಿಯಿಂದ ಎದ್ದ ಅಮೋನಿಯಾ ಜೊತೆ ಸೇರಿ ಅಮೋನಿಯಂ ನೈಟ್ರೇಟ್ ಆಗುತ್ತದೆ. ಬಿಸಿಲು ಜೋರಾದರೆ ಈ ನೈಟ್ರೇಟ್ ಮತ್ತೆ ಅನಿಲವಾಗಿಬಿಡುತ್ತದೆ, ಅದಕ್ಕೇ ಚಳಿಗಾಲದಲ್ಲಿ ಅದರ ಕಾಟ ಹೆಚ್ಚು. ಅಂದರೆ ಹೊಲದ ಗೊಬ್ಬರವೂ ನಗರದ ಗಾಳಿಗೆ ಪಾಲುದಾರ, ವಿಚಿತ್ರ ಅಲ್ವಾ?

ಏರ್ ಪ್ಯೂರಿಫೈಯರ್ ಇದ್ದರೆ ಅದರ ಫಿಲ್ಟರ್ ಬಿಚ್ಚಿ ನೋಡಿ. ಕಪ್ಪಗಿದ್ದರೆ ಹೆಚ್ಚಾಗಿ ಡೀಸೆಲ್ ಅಥವಾ ಸೌದೆಯ ಮಸಿ, ಕಂದು ಇದ್ದರೆ ಹೆಚ್ಚಾಗಿ ಮಣ್ಣು. ಬೆಳ್ಳಗಿದೆ ಅಂತ ಖುಷಿಪಡಬೇಡಿ, ಸಲ್ಫೇಟ್, ನೈಟ್ರೇಟ್‌ಗಳಿಗೆ ಬಣ್ಣವೇ ಇಲ್ಲ.

ಮೀಟರನ್ನು ಹಬೆ, ಮಂಜಿನಿಂದ ದೂರ ಇಡಿ. ನಾನು ಬಚ್ಚಲಿನ ಬಾಗಿಲ ಪಕ್ಕ ಇಟ್ಟಿದ್ದೆ. ಅಂಕಿ ಗಕ್ಕನೆ ಏರಿದಾಗಲೆಲ್ಲ ಪಕ್ಕದ ಮನೆಯವರು ಕಸ ಸುಡುತ್ತಿದ್ದಾರೆ ಅಂತ ಸುಮ್ನೆ ಬೈದುಕೊಳ್ಳುತ್ತಿದ್ದೆ. ಸ್ನಾನದ ನೀರಿನ ಹನಿಗಳನ್ನೇ ಅದು ಕಣ ಅಂತ ಎಣಿಸುತ್ತಿತ್ತು.

ಇದಕ್ಕಿಂತ ಖಚಿತವಾಗಿ ಬೇಕಾದರೆ ಲ್ಯಾಬ್‌ಗೇ ಹೋಗಬೇಕು. ಅಲ್ಲಿ ಕಣಗಳಲ್ಲಿ ಲೆವೊಗ್ಲುಕೋಸಾನ್ (ಗಿಡಮರದ ನಾರು ಉರಿದಾಗ ಹುಟ್ಟುವ ಸಕ್ಕರೆಯಂಥ ವಸ್ತು) ಸಿಕ್ಕರೆ ಸೌದೆ ಅಥವಾ ಕೃಷಿ ತ್ಯಾಜ್ಯ ಉರಿದಿದೆ. ವೆನೇಡಿಯಂ, ನಿಕಲ್ ಎಂಬ ಲೋಹಗಳು ಜೊತೆಗಿದ್ದರೆ ಹಡಗಿನಂಥವು ಉರಿಸುವ ದಪ್ಪ ಎಣ್ಣೆ. ತಾಮ್ರ ಮತ್ತು ಆಂಟಿಮನಿ ಎಂಬ ಲೋಹದಂಥ ವಸ್ತು ಒಟ್ಟಿಗೆ ಕಂಡರೆ ಬ್ರೇಕ್ ಸವೆತ, ಎಲೆಕ್ಟ್ರಿಕ್ ಗಾಡಿಗೂ ಬ್ರೇಕ್ ಇದೆ.